ಕೆನಡಾದಿಂದ ಅಮೆರಿಕಾಕ್ಕೆ ಟಿಎನ್: ಹೋಗಿ, ಆದ್ರೆ ಲೆಕ್ಕ ಹಾಕಿ ಹೋಗಿ

(1/5)

"ಕೆನಡಾ ಪಿಆರ್ ಸಿಕ್ಕಿದ್ರೆ ಸಾಕಂತೆ, ಆಮೇಲೆ ಅಮೆರಿಕಾದಲ್ಲಿ ಆರಾಮಾಗಿ ಕೆಲಸ ಮಾಡ್ಬಹುದಂತೆ, ಎಚ್-1ಬಿ ಲಾಟರಿನೇ ಬೇಡವಂತೆ. ಹೌದಾ ಅಕ್ಕ?"

ಈ ತಿಂಗಳು ಡಿಎಂನಲ್ಲಿ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಕೇಳಿದವರಲ್ಲಿ ನನ್ನ ಬ್ಯಾಚಿನವರೂ ಇದ್ದಾರೆ, ಇನ್ನೂ ಆರನೇ ಸೆಮಿಸ್ಟರ್‌ನಲ್ಲಿರೋ ಜೂನಿಯರ್‌ಗಳೂ ಇದ್ದಾರೆ. ಒಬ್ಬೊಬ್ಬರಿಗೇ ಟೈಪ್ ಮಾಡೋ ಬದಲು ಐದು ಪೋಸ್ಟ್‌ಗಳಲ್ಲಿ ಬರೀತಿದ್ದೀನಿ. ಸೇವ್ ಮಾಡಿಟ್ಟುಕೊಳ್ಳಿ.

ಮೊದಲು ಚಿಕ್ಕ ಉತ್ತರ: ಇಲ್ಲ. ಪಿಆರ್ ಇದ್ದರೆ ಸಾಲದು. ಟಿಎನ್ ಅನ್ನೋದು ಕೆನಡಾ ಮತ್ತು ಮೆಕ್ಸಿಕೊದ ಪೌರರಿಗೆ ಮಾತ್ರ. ಕೆನಡಾದಲ್ಲಿ ಹತ್ತು ವರ್ಷ ಇದ್ದರೂ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಟಿಎನ್ ಇಲ್ಲ.

ನನ್ನ ಅಭಿಪ್ರಾಯವನ್ನೂ ಈಗಲೇ ಹೇಳಿಬಿಡ್ತೀನಿ. ಈಗಾಗಲೇ ಕೆನಡಾದ ಪೌರರಾಗಿರೋ ನಮ್ಮವರಿಗೆ ಟಿಎನ್ ತುಂಬಾ ಒಳ್ಳೆಯ ಅವಕಾಶ, ಹೆದರದೆ ಬಳಸಿಕೊಳ್ಳಿ. ಆದರೆ ಊರಲ್ಲಿ ಅಪ್ಪನ ಜಮೀನು ಅಡ ಇಟ್ಟು, "ಕೆನಡಾ ಮೂಲಕ ಅಮೆರಿಕಾ" ಅನ್ನೋ ಒಂದೇ ಪ್ಲಾನ್ ಇಟ್ಟುಕೊಂಡು ವಿಮಾನ ಹತ್ತಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

(2/5)

ಮೊದಲು ಈ ಟಿಎನ್ ಎಲ್ಲಿಂದ ಬಂತು ಅಂತ ನೋಡೋಣ. 1994ರ ಜನವರಿ 1ಕ್ಕೆ ಅಮೆರಿಕಾ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದ ನಾಫ್ಟಾ ಜಾರಿಗೆ ಬಂತು. ಸರಕಿನ ಜೊತೆ ಕೆಲವು ವೃತ್ತಿಗಳ ಜನರೂ ಗಡಿ ದಾಟಿ ತಾತ್ಕಾಲಿಕವಾಗಿ ಕೆಲಸ ಮಾಡಲಿ ಅಂತ ಅದರಲ್ಲೇ ದಾರಿ ಇಟ್ಟರು. 2020ರ ಜುಲೈ 1ಕ್ಕೆ ಆ ಒಪ್ಪಂದ ಹೋಗಿ ಯುಎಸ್‌ಎಂಸಿಎ ಬಂತು. ಟಿಎನ್ ಹಾಗೇ ಉಳೀತು.

ಎಚ್-1ಬಿ ಜೊತೆ ಹೋಲಿಸಿದರೆ ಯಾಕೆ ಎಲ್ಲರೂ ಇದರ ಹಿಂದೆ ಬಿದ್ದಿದ್ದಾರೆ ಅಂತ ಗೊತ್ತಾಗುತ್ತೆ:

▪️ ಎಚ್-1ಬಿಗೆ ವರ್ಷಕ್ಕೆ 65,000, ಜೊತೆಗೆ ಅಮೆರಿಕಾದಲ್ಲಿ ಮಾಸ್ಟರ್ಸ್ ಮಾಡಿದವರಿಗೆ 20,000 ಅಂತ ಮಿತಿ ಇದೆ. ಟಿಎನ್‌ಗೆ ಮಿತಿಯೂ ಇಲ್ಲ, ಲಾಟರಿಯೂ ಇಲ್ಲ.
▪️ ಎಚ್-1ಬಿ ಸಾಮಾನ್ಯವಾಗಿ ಒಟ್ಟು 6 ವರ್ಷ. ಟಿಎನ್ ಒಂದು ಸಲಕ್ಕೆ 3 ವರ್ಷದವರೆಗೆ, ಆಮೇಲೆ ನವೀಕರಣ. ಇಷ್ಟೇ ಸಲ ಅಂತ ಲೆಕ್ಕ ಇಲ್ಲ.
▪️ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಘೋಷಣೆ ಆಯ್ತಲ್ಲ, ಅದು ಟಿಎನ್‌ಗೆ ಅನ್ವಯಿಸಲ್ಲ.

ಕೆನಡಾದ ಪೌರರು ಕಾನ್ಸುಲೇಟ್‌ಗೂ ಹೋಗಬೇಕಿಲ್ಲ. ಗಡಿಯಲ್ಲೇ, ಅಥವಾ ಟೊರಾಂಟೊ, ವ್ಯಾಂಕೂವರ್‌ನಂಥ ವಿಮಾನ ನಿಲ್ದಾಣದಲ್ಲಿ ಅಮೆರಿಕಾದ ಅಧಿಕಾರಿಗಳ ಮುಂದೆ ಕಾಗದ ಇಟ್ಟು ಕೇಳಬಹುದು. ಪಾಸ್‌ಪೋರ್ಟ್, ಡಿಗ್ರಿ, ಕಂಪನಿ ಕೊಟ್ಟ ಪತ್ರ. ಎಲ್ಲ ಸರಿ ಇದ್ದರೆ ಅವತ್ತೇ ನಿರ್ಧಾರ. ಮೆಕ್ಸಿಕೊದವರು ಮಾತ್ರ ಮೊದಲು ಕಾನ್ಸುಲೇಟ್‌ನಲ್ಲಿ ವೀಸಾ ಮಾಡಿಸಿಕೊಳ್ಳಬೇಕು.

ಇಷ್ಟು ಕೇಳಿದರೆ ಯಾರಿಗಾದರೂ ಬಾಯಲ್ಲಿ ನೀರೂರುತ್ತೆ. ರೀಲ್ ಮಾಡೋರು ಇಲ್ಲಿಗೇ ನಿಲ್ಲಿಸ್ತಾರೆ.

(3/5)

ಎಲ್ಲ ಕೆಲಸಕ್ಕೂ ಟಿಎನ್ ಸಿಗಲ್ಲ. ಒಪ್ಪಂದದಲ್ಲಿ ವೃತ್ತಿಗಳ ಪಟ್ಟಿ ಇದೆ, ಸುಮಾರು 60. ಎಂಜಿನಿಯರ್, ಅಕೌಂಟೆಂಟ್, ಫಾರ್ಮಸಿಸ್ಟ್, ನೋಂದಾಯಿತ ನರ್ಸ್, ಫಿಸಿಯೋಥೆರಪಿಸ್ಟ್, ಗ್ರಾಫಿಕ್ ಡಿಸೈನರ್, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್ ಇದ್ದಾರೆ. ಕಂಪ್ಯೂಟರ್ ಪ್ರೋಗ್ರಾಮರ್ ಅನ್ನೋ ಹೆಸರು ಅದರಲ್ಲಿಲ್ಲ! ಶಾಲಾ ಶಿಕ್ಷಕರು ಇಲ್ಲ, ಕಾಲೇಜು ಅಧ್ಯಾಪಕರು ಇದ್ದಾರೆ. ಡಾಕ್ಟರುಗಳಿಗೆ ಪಾಠ ಮತ್ತು ಸಂಶೋಧನೆಗೆ ಮಾತ್ರ.

ಹಾಗಾಗಿ ಆಫರ್ ಬಂದ ತಕ್ಷಣ ಮೊದಲು ಕೇಳಬೇಕಾದ ಪ್ರಶ್ನೆ ಸಂಬಳ ಎಷ್ಟು ಅಂತ ಅಲ್ಲ, "ನನ್ನ ಕೆಲಸ ಪಟ್ಟಿಯ ಯಾವ ಹೆಸರಿನ ಕೆಳಗೆ ಬರುತ್ತೆ, ನನ್ನ ಡಿಗ್ರಿ ಅದಕ್ಕೆ ಹೊಂದುತ್ತಾ?" ಅಂತ. ಹತ್ತು ವರ್ಷ ಅನುಭವ ಇದೆ ಅಂದರೆ ಡಿಗ್ರಿಯ ಕೊರತೆ ತುಂಬಲ್ಲ, ಪಟ್ಟಿಯಲ್ಲೇ ಹಾಗೆ ಅವಕಾಶ ಕೊಟ್ಟಿರೋ ಕೆಲವು ವೃತ್ತಿಗಳನ್ನು ಬಿಟ್ಟು. ನಮ್ಮ ವಿಟಿಯು ಡಿಗ್ರಿ ಇದ್ದವರು ಅದು ಅಲ್ಲಿನ ಯಾವ ಡಿಗ್ರಿಗೆ ಸಮ ಅಂತ ಮೌಲ್ಯಮಾಪನದ ವರದಿ ಮಾಡಿಸಿಟ್ಟುಕೊಳ್ಳೋದು ಒಳ್ಳೇದು.

ಇನ್ನು ಪತ್ರ. ಏನು ಕೆಲಸ, ಎಷ್ಟು ದಿನ, ಎಷ್ಟು ಸಂಬಳ, ಯಾವ ಓದು ಬೇಕು, ಎಲ್ಲ ಸ್ಪಷ್ಟವಾಗಿರಬೇಕು. ಅದರಲ್ಲಿರೋ ಪ್ರತಿ ಸಾಲನ್ನೂ ನೀವು ಓದಿರಬೇಕು, ಯಾಕೆಂದರೆ ಕೌಂಟರ್‌ನಲ್ಲಿ ಉತ್ತರ ಕೊಡೋದು ನೀವು, ಕಂಪನಿಯ ಎಚ್‌ಆರ್ ಅಲ್ಲ. "ಟೈಟಲ್ ಸ್ವಲ್ಪ ಬದಲಾಯಿಸಿ ಹಾಕ್ತೀವಿ, ಯಾರೂ ನೋಡಲ್ಲ" ಅನ್ನೋ ಏಜೆಂಟ್ ಸಿಕ್ಕರೆ ಎದ್ದು ಬನ್ನಿ. ಸುಳ್ಳು ಮಾಹಿತಿ ಕೊಟ್ಟಿದ್ದು ಸಾಬೀತಾದರೆ ಅಮೆರಿಕಾ ಪ್ರವೇಶಕ್ಕೆ ಜೀವನಪೂರ್ತಿ ಅಡ್ಡಿ ಆಗಬಹುದು. ಏಜೆಂಟ್‌ಗೆ ಅಲ್ಲ, ನಿಮಗೆ.

ಚೆನ್ನಾಗಿ ನಡೀತಿರೋ ಉದಾಹರಣೆ ಬೇಕಾ? ವಿಂಡ್ಸರ್ ಊರಿನ ನರ್ಸ್‌ಗಳನ್ನು ನೋಡಿ. ಮನೆ ಕೆನಡಾದಲ್ಲಿ, ಡ್ಯೂಟಿ ನದಿಯಾಚೆ ಡೆಟ್ರಾಯಿಟ್‌ನ ಆಸ್ಪತ್ರೆಗಳಲ್ಲಿ. 2020ರಲ್ಲಿ ಕೋವಿಡ್‌ಗೆ ಗಡಿ ಮುಚ್ಚಿದಾಗಲೂ ಅವರ ಓಡಾಟ ನಿಲ್ಲಲಿಲ್ಲ, ಅವರಿಲ್ಲದೆ ಆ ಆಸ್ಪತ್ರೆಗಳು ನಡೆಯೋದೇ ಕಷ್ಟ ಇತ್ತು. 2015ರಿಂದ ಕೆನಡಾದಲ್ಲೂ ನರ್ಸ್‌ಗಳ ಪರೀಕ್ಷೆ ಅಮೆರಿಕಾದ ಎನ್‌ಕ್ಲೆಕ್ಸ್-ಆರ್‌ಎನ್ ಆಗಿರೋದರಿಂದ ಬೇರೆ ಪರೀಕ್ಷೆಯ ತಲೆನೋವು ಕಡಿಮೆ. ಆದರೂ ಆ ರಾಜ್ಯದ ಲೈಸೆನ್ಸ್ ಮತ್ತು ವೀಸಾಸ್ಕ್ರೀನ್ ಪ್ರಮಾಣಪತ್ರ ಬೇಕೇ ಬೇಕು. ಇವರ ವ್ಯವಸ್ಥೆ ನನಗೆ ಇಷ್ಟ ಆಗೋದು ಯಾಕೆ ಅಂದರೆ, ಆಚೆ ಕೆಲಸ ಹೋದರೂ ಮನೆ, ಮಕ್ಕಳ ಸ್ಕೂಲು, ಗಂಡ ಅಥವಾ ಹೆಂಡತಿಯ ಕೆಲಸ ಎಲ್ಲ ಈಚೆ ಉಳಿಯುತ್ತೆ.

(4/5)

ಈಗ ರೀಲ್‌ಗಳಲ್ಲಿ ಬರದ ಮಾತು.

ಒಂದು: ಟಿಎನ್ ಇರೋರ ಗಂಡ ಅಥವಾ ಹೆಂಡತಿಗೆ ಟಿಡಿ ಕೊಡ್ತಾರೆ. ಓದಬಹುದು, ಕೆಲಸ ಮಾಡೋ ಹಾಗಿಲ್ಲ. ಟೊರಾಂಟೊದಲ್ಲಿ ಇಬ್ಬರೂ ದುಡೀತಿದ್ದ ಮನೆ ಅಲ್ಲಿ ಒಬ್ಬರ ಸಂಬಳದ ಮೇಲೆ ನಿಲ್ಲುತ್ತೆ. ನಾನು ನೋಡಿರೋ ಮನೆಗಳಲ್ಲಿ ಕೆಲಸ ಬಿಟ್ಟು ಹಿಂದೆ ಹೋಗಿದ್ದು ಬಹುತೇಕ ಹೆಂಡತಿಯೇ. ಓದಿನಲ್ಲಿ ಕ್ಲಾಸಿಗೇ ಫಸ್ಟ್ ಬರ್ತಿದ್ದವಳು ಮೂರು ವರ್ಷದ ಗ್ಯಾಪ್ ಹೊತ್ತು ರೆಸ್ಯೂಮೆ ತಿದ್ದುತ್ತಾ ಕೂತಿರೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಇಬ್ಬರೂ ಕೂತು ಮಾತಾಡಿ ಒಪ್ಪಿದ್ದರೆ ಸರಿ. "ಅವಳು ಹೇಗೋ ಅಡ್ಜಸ್ಟ್ ಮಾಡ್ಕೋತಾಳೆ" ಅಂತ ಊಹೆ ಮಾಡಿ ಸಹಿ ಹಾಕಬೇಡಿ.

ಎರಡು: ಕೆಲಸ ಹೋದರೆ ಗರಿಷ್ಠ 60 ದಿನ. ಅಷ್ಟರಲ್ಲಿ ಹೊಸ ಕಂಪನಿ, ಇಲ್ಲ ವಾಪಸ್. ಕಂಪನಿ ಬದಲಾಯಿಸೋದಾದರೆ ಹೊಸ ಟಿಎನ್ ಕೈಗೆ ಬಂದ ಮೇಲೇ ಅಲ್ಲಿ ಕೆಲಸ ಶುರು. ಸ್ವಂತ ವ್ಯವಹಾರಕ್ಕೆ ಟಿಎನ್ ಇಲ್ಲ.

ಮೂರು: ಟಿಎನ್ ಅಂದರೆ "ತಾತ್ಕಾಲಿಕವಾಗಿ ಬರ್ತೀನಿ, ಮುಗಿಸಿ ಹೋಗ್ತೀನಿ" ಅಂತ ಮಾತು ಕೊಟ್ಟ ಹಾಗೆ. ಎಚ್-1ಬಿಯಲ್ಲಿ ಇದ್ದುಕೊಂಡೇ ಗ್ರೀನ್ ಕಾರ್ಡ್‌ಗೆ ಪ್ರಯತ್ನ ಮಾಡೋಕೆ ಕಾನೂನೇ ಅವಕಾಶ ಕೊಟ್ಟಿದೆ. ಟಿಎನ್‌ನಲ್ಲಿ ಹಾಗಿಲ್ಲ. ಗ್ರೀನ್ ಕಾರ್ಡ್ ಅರ್ಜಿ ನಡೀತಿರುವಾಗ ನವೀಕರಣಕ್ಕೆ ಗಡಿಗೆ ಹೋದರೆ ಅಧಿಕಾರಿ ಬೇಡ ಅನ್ನಬಹುದು.

ನಾಲ್ಕು, ಮತ್ತು ಇದೇ ದೊಡ್ಡದು: ಗ್ರೀನ್ ಕಾರ್ಡ್ ಸಾಲಲ್ಲಿ ನಿಮ್ಮನ್ನು ನಿಲ್ಲಿಸೋದು ಪಾಸ್‌ಪೋರ್ಟ್ ನೋಡಿ ಅಲ್ಲ, ಹುಟ್ಟಿದ ದೇಶ ನೋಡಿ. ದಾವಣಗೆರೆಯಲ್ಲಿ ಹುಟ್ಟಿ ಕೆನಡಾದ ಪೌರರಾದವರೂ ಭಾರತದ ಸಾಲಲ್ಲೇ ನಿಲ್ಲಬೇಕು. ಆ ಸಾಲು ಎಷ್ಟು ಉದ್ದ ಅಂತ ಅಮೆರಿಕಾದಲ್ಲಿರೋ ನಿಮ್ಮ ಸೀನಿಯರ್‌ಗಳನ್ನೇ ಕೇಳಿ. "ಕೆನಡಾ ಪಾಸ್‌ಪೋರ್ಟ್ ತಗೊಂಡ್ರೆ ಆ ಕ್ಯೂ ತಪ್ಪುತ್ತೆ" ಅನ್ನೋದು ಶುದ್ಧ ಸುಳ್ಳು.

(5/5)

ಹಾಗಾದರೆ ಊರಿಂದ ಹೊರಡೋಕೆ ಯೋಚಿಸ್ತಿರೋರು ಏನು ಮಾಡಬೇಕು?

ಮೊದಲು ಕಾಲದ ಲೆಕ್ಕ. ಕೆನಡಾದ ಪೌರತ್ವಕ್ಕೆ ಅರ್ಜಿ ಹಾಕೋ ಹಿಂದಿನ 5 ವರ್ಷಗಳಲ್ಲಿ 1,095 ದಿನ ಅಲ್ಲೇ ಇದ್ದಿರಬೇಕು. ಪಿಆರ್‌ಗೆ ಮುಂಚೆ ವಿದ್ಯಾರ್ಥಿಯಾಗಿ, ಕೆಲಸದ ಪರವಾನಗಿಯಲ್ಲಿ ಇದ್ದ ದಿನಗಳು ಅರ್ಧರ್ಧ ಲೆಕ್ಕ, ಅದೂ ಹೆಚ್ಚೆಂದರೆ 365. ಓದು, ಪಿಆರ್ ಸಿಗೋದು, ಅರ್ಜಿ, ಎಲ್ಲ ಸೇರಿಸಿದರೆ ಸರಾಗವಾಗಿ ನಡೆದರೂ ಐದಾರು ವರ್ಷ. ಪಿಆರ್ ಸಿಗುತ್ತೆ ಅನ್ನೋದೇ ಖಾತ್ರಿ ಇಲ್ಲದಿರುವಾಗ ಟಿಎನ್ ಕನಸು ಕಾಣೋದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಆಮೇಲೆ ಮನಸ್ಸಿನ ಲೆಕ್ಕ. ಭಾರತ ಎರಡು ಪೌರತ್ವ ಒಪ್ಪಲ್ಲ. ಕೆನಡಾದ ಪಾಸ್‌ಪೋರ್ಟ್ ತಗೊಂಡರೆ ನಮ್ಮದನ್ನು ಒಪ್ಪಿಸಬೇಕು. ಒಸಿಐ ಕಾರ್ಡ್ ಸಿಗುತ್ತೆ, ಆದರೆ ವೋಟು ಇಲ್ಲ, ಕೃಷಿ ಜಮೀನು ಕೊಂಡುಕೊಳ್ಳೋ ಹಾಗಿಲ್ಲ. ರಿಟೈರ್ ಆದ ಮೇಲೆ ಊರಲ್ಲಿ ನಾಲ್ಕೆಕರೆ ತಗೊಂಡು ಅಡಿಕೆ ಹಾಕ್ತೀನಿ ಅಂತ ಹಾಸ್ಟೆಲ್ ಟೆರೇಸ್ ಮೇಲೆ ಭಾಷಣ ಮಾಡ್ತಿದ್ದವರು ಇದನ್ನು ಎರಡು ಸಲ ಓದಿ.

ಮೂರನೇದು ರಾಜಕೀಯ. ಟಿಎನ್ ನಿಂತಿರೋದೇ ಆ ಮೂರು ದೇಶಗಳ ಒಪ್ಪಂದದ ಮೇಲೆ. 6 ವರ್ಷಕ್ಕೆ, ಅಂದರೆ 2026ರ ಜುಲೈಗೆ ಅದರ ಮರುಪರಿಶೀಲನೆ ಅಂತ ಒಪ್ಪಂದದಲ್ಲೇ ಬರೆದಿದೆ. ಬೇರೆಯವರ ಜಗಳ-ರಾಜಿ ಮೇಲೆ ನಿಂತಿರೋ ಕಾಗದ ಇದು. ಅದನ್ನು ನಂಬಿ ಮೂರು ವರ್ಷದ ಕೆಲಸ ಒಪ್ಪಿಕೊಳ್ಳಬಹುದು, ಮೂವತ್ತು ವರ್ಷದ ಮನೆ ಸಾಲ ಒಪ್ಪಿಕೊಳ್ಳೋಕೆ ನಾನಂತೂ ಹೇಳಲ್ಲ.

ಅದಕ್ಕೇ ನನ್ನ ಸಲಹೆ ಇಷ್ಟು. ಕೆನಡಾಕ್ಕೆ ಹೋಗೋದಾದರೆ ಕೆನಡಾಕ್ಕಾಗಿಯೇ ಹೋಗಿ: ಅಲ್ಲಿನ ಚಳಿ, ಬಾಡಿಗೆ, ಕೆಲಸದ ಮಾರುಕಟ್ಟೆ ಒಪ್ಪಿಗೆ ಇದ್ದರೆ ಮಾತ್ರ. ಟಿಎನ್ ಆಮೇಲೆ ಸಿಕ್ಕರೆ ಲಾಭ, ಸಿಗದಿದ್ದರೂ ಬದುಕು ನಡೀಬೇಕು. ಈಗಾಗಲೇ ಅಲ್ಲಿನ ಪೌರರಾಗಿರೋರು ಪಟ್ಟಿ ನೋಡಿ, ಪತ್ರ ಸರಿ ಮಾಡಿಸಿ, ಮನೆಯವರ ಜೊತೆ ಮಾತಾಡಿ, ಧೈರ್ಯವಾಗಿ ಹೋಗಿ. ಕೈಯಲ್ಲಿ ಆರು ತಿಂಗಳ ಖರ್ಚಿನ ದುಡ್ಡು ಇರಲಿ.

ನಾನು ವಕೀಲೆ ಅಲ್ಲ. ಸಹಿ ಹಾಕೋ ಮುಂಚೆ ಲೈಸೆನ್ಸ್ ಇರೋ ವಲಸೆ ವಕೀಲರನ್ನು ಒಮ್ಮೆ ಕೇಳಿ, ಆ ಒಂದು ಗಂಟೆಯ ಫೀಸು ದಂಡ ಅಲ್ಲ.

ಮುಂದಿನ ಸರಣಿ ಗಡಿ ದಾಟಿ ದುಡಿಯೋರ ಟ್ಯಾಕ್ಸ್ ಬಗ್ಗೆ. ಪ್ರಶ್ನೆ ಇದ್ದರೆ ಕಮೆಂಟ್‌ನಲ್ಲೇ ಕೇಳಿ, ಇನ್ನೊಬ್ಬರಿಗೂ ಉಪಯೋಗ ಆಗುತ್ತೆ. ಆ "ಕೆನಡಾ ಮೂಲಕ ಅಮೆರಿಕಾ" ಕನ್ಸಲ್ಟನ್ಸಿಗೆ ನಾಳೆ ಅಡ್ವಾನ್ಸ್ ಕಟ್ಟೋಕೆ ಹೊರಟಿರೋ ಫ್ರೆಂಡ್ ಇದ್ದರೆ, ಇದನ್ನು ಇವತ್ತೇ ಕಳಿಸಿ.

#ಗಡಿಯಾಚೆಕೆಲಸ #ಟಿಎನ್ #ಕನ್ನಡದಲ್ಲೇಕೇಳಿ