ಧಕ್ಕೆಯಾದದ್ದು ಯಾರಿಗೆ?

2017ರ ಮಾರ್ಚ್ ಮೊದಲ ವಾರ ಮಾಗಡಿಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳ ಹೆಣ ಸಿಕ್ಕಿತು. ಲಕ್ವ ಹೊಡೆದು ಮಲಗಿದ್ದ ಸಂಬಂಧಿಯೊಬ್ಬ ಎದ್ದು ಓಡಾಡಲಿ ಅಂತ, ಮಾಟಮಂತ್ರದ ಮಾತು ನಂಬಿ ಮಗುವನ್ನು ಬಲಿ ಕೊಟ್ಟಿದ್ದಾರೆ ಎಂದು ಪೊಲೀಸರು ಹೇಳಿದರು. ಪೊಲೀಸರು ಹಿಡಿದು ತಂದವರಲ್ಲಿ ಮನೆಯವರೇ ಇದ್ದರು. ಯಾವ ಮತದ ಮನೆ ಎಂದು ನಾನು ಬರೆಯುವುದಿಲ್ಲ. ಅದನ್ನು ಮೊದಲು ಕೇಳುವವರು ಈ ಬರಹವನ್ನು ಇಲ್ಲಿಗೇ ಮಡಚಿಡಬಹುದು.

ಆ ಮಗು ಸಾಯುವ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಮೌಢ್ಯ ನಿಷೇಧದ ಕಾನೂನು ಇರಲಿಲ್ಲ. ಕರಡು ಇತ್ತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯವರು 2013ರಲ್ಲೇ ಬರೆದುಕೊಟ್ಟಿದ್ದರು. ಅದು ಬಯಲಿಗೆ ಬಂದದ್ದೇ ತಡ, ನಂಬಿಕೆಗೆ ಕೈ ಹಾಕಿದರು, ದೇವರ ಮೇಲೆ ಕೇಸು ಹಾಕುತ್ತಾರಂತೆ, ನಾಳೆ ಮನೆಯಲ್ಲಿ ದೀಪ ಹಚ್ಚಿದರೂ ಜೈಲು ಎಂದು ಹುಯಿಲೆಬ್ಬಿಸಿದರು. ಸರ್ಕಾರ ಹೆದರಿ ಕಡತ ಮುಚ್ಚಿಟ್ಟಿತು. ವಿಧಾನಮಂಡಲದಲ್ಲಿ ಕಾನೂನು ಪಾಸಾದದ್ದು 2017ರ ನವೆಂಬರಿನಲ್ಲಿ, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅಷ್ಟರಲ್ಲಿ ಜ್ಯೋತಿಷ್ಯ, ವಾಸ್ತು ಎರಡನ್ನೂ ಅದರ ಕೈಗೆ ಸಿಗದಂತೆ ಹೊರಗಿಟ್ಟಿದ್ದರು.

ಕೊಲೆಗೆ ಶಿಕ್ಷೆ ಕೊಡುವ ಕಾನೂನು ಮೊದಲಿನಿಂದಲೂ ಇತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಈ ಕಾಯ್ದೆ ಬೇಕಾದದ್ದು ಕೊಲೆಗೆ ಮುಂಚಿನ ದಿನಗಳಿಗೆ. ದೆವ್ವ ಬಿಡಿಸುತ್ತೇನೆಂದು ಹೆಣ್ಣುಮಗಳ ಜುಟ್ಟು ಹಿಡಿದು ಬೇವಿನ ಬರಲಲ್ಲಿ ಬಾರಿಸುವವನನ್ನು, ನಿಧಿ ತೋರಿಸುತ್ತೇನೆ ರಕ್ತ ಬೇಕು ಎನ್ನುವವನನ್ನು ಆ ಮಾತು ಆಡಿದ ದಿನವೇ ಠಾಣೆಗೆ ಎಳೆದು ತರುವುದಕ್ಕೆ. ನಿಧಿಯಾಸೆಗೆ ಪಾಳುಗುಡಿಯ ಗರ್ಭಗುಡಿ ಅಗೆದು, ಲಿಂಗ ಕಿತ್ತು, ಬಸವನ ಹೊಟ್ಟೆ ಒಡೆದು ಹೋಗುವವರು ಯಾರು? ದೇವರಿಲ್ಲ ಎನ್ನುವ ಯಾವ ವಿಚಾರವಾದಿಯೂ ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಗುಡ್ಡ ಹತ್ತಿಲ್ಲ. ಹತ್ತಿದವರೆಲ್ಲ ನಿಂಬೆಹಣ್ಣು, ಕುಂಕುಮ, ಕೋಳಿ ಜೊತೆಗಿಟ್ಟುಕೊಂಡೇ ಹೋದವರು. ಆದರೂ ನಮ್ಮೂರಿನ ಜಗುಲಿಯಲ್ಲಿ ದೇವರನ್ನು ಕೆಡಿಸಿದವನು ಅಂತ ಹೆಸರು ಬರುವುದು ನನಗೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನಲ್ಲಿ ದೇವರನ್ನು ನಂಬದವರು ಎಷ್ಟು ಜನ? ಹೋಬಳಿಗೆ ಒಂದು ಕೈ ಬೆರಳಿನಷ್ಟೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದವನ ಪಾಡು ಏನು ಅಂತ ನನ್ನ ಗೆಳೆಯನೊಬ್ಬನನ್ನು ನೋಡಿ ತಿಳಿದೆ. ಕನಕಪುರದ ಕಡೆಯವನು, ಮೇಷ್ಟರು. ಅಪ್ಪ ತೀರಿಕೊಂಡಾಗ ಮಣ್ಣು ಮಾಡಿದ. ತಿಥಿ ಮಾಡುವುದಿಲ್ಲ, ಕೂಳಿಡುವುದಿಲ್ಲ, ತಲೆ ಬೋಳಿಸುವುದಿಲ್ಲ ಎಂದ. ಹಬ್ಬದ ವಂತಿಗೆ ಕೇಳಲು ಬಂದವರಿಗೆ, ಊಟದ ಖರ್ಚಿಗಾದರೆ ಕೊಡುತ್ತೇನೆ, ಕೋಣಕ್ಕೆ ಕೊಡುವುದಿಲ್ಲ ಅಂತಲೂ ಅಂದಿದ್ದ. ಎರಡನ್ನೂ ಗಂಟು ಹಾಕಿ ಊರು ಪಂಚಾಯಿತಿ ಸೇರಿತು.

“ಅಪ್ಪನ ತಿಥಿ ಮಾಡ್ದೆ ಇರೋನು ನಮ್ ಮಕ್ಳಿಗೆ ಏನ್ಲಾ ಕಲಿಸ್ತಾನೆ? ನಾಳೆ ಇವ್ನ ಹೆಣಕ್ಕೆ ಯಾರ್ ಹೆಗಲು ಕೊಡ್ತಾರೆ ನೋಡಾನ.”

ಇವನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದು ಅವನ ಸೋದರತ್ತೆ. ಸೋಮವಾರ ತಪ್ಪದೆ ಒಪ್ಪೊತ್ತು ಇರುವ, ಶಿವರಾತ್ರಿಗೆ ಸಂಗಮದ ಹತ್ತಿರ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗಿಬರುವ ಹೆಂಗಸು. ಸೆರಗು ಸಿಕ್ಕಿಸಿ ಎದ್ದು ನಿಂತಳು.

“ಅವ್ರಪ್ಪ ಹಾಸ್ಗೆ ಹಿಡ್ದು ಬಿದ್ದಿದ್ದಾಗ ಉಚ್ಚೆ ಹೇಲು ಬಳ್ದೋನು ಇವ್ನು. ನೀವ್ಯಾರಾದ್ರೂ ನಿಮ್ಮಪ್ಪಂದಿರಿಗೆ ಒಂದಿನ ಮೈ ಒರ್ಸಿದ್ದೀರೇನ್ರೋ? ತಿಥಿ ದಿನ ವಡೆ ತಿನ್ನಕ್ಕೆ ಬರೋರು ನೀವು.”

ಪಂಚಾಯಿತಿ ಅಲ್ಲಿಗೆ ಮುಗಿಯಿತು. ನಾಸ್ತಿಕನನ್ನು ಕಾಪಾಡಿದ್ದು ಸಂವಿಧಾನವೂ ಅಲ್ಲ, ನನ್ನಂಥವರ ಭಾಷಣವೂ ಅಲ್ಲ, ಮಾದಪ್ಪನ ಒಕ್ಕಲು. ದೇವರನ್ನು ನಂಬುವವರೆಲ್ಲ ನಂಬದವರ ವೈರಿಗಳು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ವೈರಿ ಬೇರೆ ಇದ್ದಾನೆ. ಅವನು ಭಕ್ತನ ಬೆನ್ನ ಹಿಂದೆ ನಿಂತುಕೊಂಡು, ಭಕ್ತನ ಹೆಸರು ಹೇಳಿ, ಪ್ರಶ್ನೆ ಕೇಳುವವನ ಮೇಲೆ ಕಲ್ಲು ಎಸೆಯುತ್ತಾನೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಗೌರಿಬಿದನೂರಿನ ಹೊಸೂರಿನ ಬಡಮನೆಯಿಂದ ಬಂದ ಭೌತಶಾಸ್ತ್ರಜ್ಞ, ಖಾದಿಯ ಗಾಂಧಿವಾದಿ, ಕೊನೆಯವರೆಗೂ ಹಾಸ್ಟೆಲ್ ಕೋಣೆಯಲ್ಲೇ ಬದುಕಿದ ಬ್ರಹ್ಮಚಾರಿ. ಅವರು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ನೀವು ಗಾಳಿಯಿಂದ ತೆಗೆಯುವುದನ್ನು ನಮ್ಮೆದುರು ತೆಗೆದು ತೋರಿಸಿ ಎಂದು ಕೇಳಿದರು. ಒಂದಲ್ಲ, ಮೂರು ಪತ್ರ. ಉತ್ತರ ಬರಲಿಲ್ಲ. ಉತ್ತರದ ಬದಲು ಬಂದದ್ದು ಬೈಗುಳ, ಕುಲಪತಿಗೆ ಇದೆಲ್ಲ ಯಾಕೆ ಎಂಬ ಬುದ್ಧಿವಾದ. ನಮಗೆ ಹತ್ತಿರದ ಪಾಂಡವಪುರದಲ್ಲಿ ಏಳು ವರ್ಷದ ಹುಡುಗನೊಬ್ಬನ ಮೈಯಿಂದ ವಿಭೂತಿ ಉದುರುತ್ತದೆಂದು ಜನ ಮುಗಿಬಿದ್ದಿದ್ದರು. ಸಮಿತಿ ಹೋಗಿ ನೋಡಿದಾಗ ವಿಭೂತಿ ಇದ್ದದ್ದು ಅಂಗಿಯೊಳಗೆ. ಆ ಕೂಸಿಗೆ ಅದನ್ನು ಕಲಿಸಿದವರ ಬಗ್ಗೆ ಯೋಚಿಸಿದರೆ ಈಗಲೂ ನನ್ನ ಹೊಟ್ಟೆ ತೊಳಸುತ್ತದೆ. ಆಟದ ವಯಸ್ಸಿನ ಹುಡುಗನನ್ನು ದೇವರು ಮಾಡಿ ಕೂರಿಸಿ ಸುಳ್ಳು ಹೇಳಿಸಿದರು. 1977ರಲ್ಲಿ ನರಸಿಂಹಯ್ಯನವರ ಅವಧಿ ಮುಗಿಯಿತು, ಸಮಿತಿಯೂ ಮುಗಿಯಿತು.

ಅದೇ 1976ರ ತಿದ್ದುಪಡಿಯಲ್ಲಿ ಸಂವಿಧಾನದ 51ಎ ವಿಧಿ ಬಂತು. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಅದು ಹೇಳುತ್ತದೆ. ಇನ್ನೊಂದು ಕಡೆ 1927ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಸೇರಿಸಿದ 295ಎ ಕಲಂ ಇತ್ತು. 2024ರಿಂದ ಅದೇ ಹೊಸ ಸಂಹಿತೆಯಲ್ಲಿ 299 ಆಗಿ ಕೂತಿದೆ. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಶಿಕ್ಷೆ ಎನ್ನುವ ಕಲಂ ಅದು. ಬೇಕೆಂದೇ, ದುರುದ್ದೇಶದಿಂದ ಎಂಬ ಮಾತುಗಳನ್ನು ನುಂಗಿಬಿಟ್ಟು ಧಕ್ಕೆ ಎಂಬುದನ್ನಷ್ಟೇ ಹಿಡಿದುಕೊಂಡು ದೂರು ಬರೆಯುವವರು ಊರೂರಲ್ಲಿ ಹುಟ್ಟಿಕೊಂಡಿದ್ದಾರೆ. ಪ್ರಶ್ನೆ ಕೇಳದೆ ಇದ್ದವನ ಮೇಲೆ ಕರ್ತವ್ಯಲೋಪದ ದೂರು ಕೊಟ್ಟ ಒಬ್ಬನನ್ನೂ ನಾನು ಕಂಡಿಲ್ಲ.

ದೂರು ಸಾಲದೆ ಹೋದಾಗ ಪಿಸ್ತೂಲು ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಮನೆ ಬಾಗಿಲು ತಟ್ಟಿ ಹಣೆಗೆ ಗುಂಡು ಹೊಡೆದರು. ಕಲಬುರ್ಗಿ ನಾಸ್ತಿಕರಲ್ಲ. ಬಾಳಿಡೀ ವಚನ, ಶಾಸನಗಳ ಮುಂದೆ ಕೂತು ಸವೆದವರು. 1989ರಲ್ಲಿ, ಬಸವಣ್ಣನ ಮನೆತನದ ಬಗ್ಗೆ ಬರೆದದ್ದಕ್ಕೆ ಒತ್ತಡ ತಂದು ಅವರ ಬಾಯಿಂದಲೇ ಮಾತು ಹಿಂತೆಗೆಸಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ಇದೇ ಮೌಢ್ಯ ನಿಷೇಧದ ಚರ್ಚೆಯಲ್ಲಿ ಆಡಿದ ಮಾತಿಗೆ ಮತ್ತೆ ದೂರು, ಮತ್ತೆ ಬೆದರಿಕೆ. ಮುಂದಿನ ವರ್ಷ ಹೆಣ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಮಾಗಡಿಯ ಮಗು ಸತ್ತ ವರ್ಷವೇ, ಕಾನೂನು ಪಾಸಾಗಲು ಇನ್ನು ಎರಡು ತಿಂಗಳಿತ್ತು. ದೇವರನ್ನು ನಂಬಿದ್ದೀಯೋ ಇಲ್ಲವೋ ಎಂದು ಕೊಲೆಗಾರ ಕೇಳಲಿಲ್ಲ. ನಂಬುತ್ತಲೇ ಪ್ರಶ್ನೆ ಕೇಳಿದವರೂ ಅವನಿಗೆ ಅಷ್ಟೇ ಬೇಡವಾದವರು.

ನಮ್ಮ ಬಿಡದಿಗೆ ಬರೋಣ. ನಿತ್ಯಾನಂದ ಅಲ್ಲಿ ಆಶ್ರಮ ಕಟ್ಟಿಕೊಂಡು ಕೂತಿದ್ದ. 2018ರಲ್ಲಿ, ದನಗಳಿಗೆ ತಮಿಳು, ಸಂಸ್ಕೃತ ಮಾತಾಡಿಸುತ್ತೇನೆ ಎಂದ. ಎದುರಿಗೆ ಕೂತಿದ್ದವರು ಚಪ್ಪಾಳೆ ಹೊಡೆದರು. 2010ರಿಂದಲೇ ಅವನ ಮೇಲೆ ಅತ್ಯಾಚಾರದ ಆರೋಪದ ಮೊಕದ್ದಮೆ, ವಿಚಾರಣೆ ರಾಮನಗರದ ನ್ಯಾಯಾಲಯದಲ್ಲಿ. 2019ರ ಹೊತ್ತಿಗೆ ಅವನು ದೇಶ ಬಿಟ್ಟು ಓಡಿ, ತನ್ನದೇ ಒಂದು ರಾಷ್ಟ್ರ ಕಟ್ಟಿದ್ದೇನೆಂದು ಸಾರಿದ. ಅವನ ವಿರುದ್ಧ ಬಾಯಿ ಬಿಟ್ಟವರು ವಿಚಾರವಾದಿಗಳಲ್ಲ. ಅವನ ಕಾಲಿಗೆ ಬಿದ್ದಿದ್ದ ಶಿಷ್ಯರು. ಮನೆ ಬಿಟ್ಟು, ಓದು ಬಿಟ್ಟು, ದುಡ್ಡು ಸುರಿದು ಬಂದವರು. ಅವರ ಭಾವನೆಗೆ ಆದದ್ದನ್ನು ಏನೆಂದು ಕರೆಯುತ್ತೀರಿ? ನಾವು ದೇವರಿಲ್ಲ ಎಂದರೆ ಭಕ್ತನಿಗೆ ಒಂದು ಗಳಿಗೆ ಬೇಜಾರಾಗಬಹುದು. ದೇವರೇ ನಾನು ಎಂದವನು ಭಕ್ತನ ಆಯುಷ್ಯವನ್ನೇ ತಿನ್ನುತ್ತಾನೆ.

ಈ ಸೀಮೆಯ ರೈತನಿಗೆ ಪ್ರಶ್ನಿಸುವುದು ಗೊತ್ತಿಲ್ಲ, ಅವನು ಮುಗ್ಧ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಯಾವುದಾದರೂ ರೇಷ್ಮೆ ಹುಳಿನ ಮನೆಗೆ ಹೋಗಿ ನೋಡಿ. ಬಾಗಿಲ ಮೇಲೆ ಬೂದುಗುಂಬಳ, ಪಕ್ಕದಲ್ಲಿ ದೃಷ್ಟಿಗೊಂಬೆ. ಅದೇ ಬಾಗಿಲ ಕೆಳಗೆ ಬ್ಲೀಚಿಂಗ್ ಪೌಡರಿನಲ್ಲಿ ನೆನೆದ ಗೋಣಿಚೀಲ. ಕಾಲು ಒರೆಸದೆ ಒಳಗೆ ಬಿಡುವುದಿಲ್ಲ. ಒಳಗೆ ತಂಡಿ ಜಾಸ್ತಿಯಾದರೆ ತಟ್ಟೆಗಳ ಮೇಲೆ ಸುಣ್ಣ ಉದುರಿಸುತ್ತಾರೆ. ಎರಡನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳ ಎಷ್ಟು ಹೊತ್ತಿಗೆ ಏಳುತ್ತದೆ, ಯಾವಾಗ ಸೊಪ್ಪು ಹಾಕಬೇಕು ಎಂದು ಮನೆಯ ಹೆಂಗಸು ಗಡಿಯಾರ ನೋಡಿ ಹೇಳುತ್ತಾಳೆ, ಪಂಚಾಂಗ ನೋಡಿ ಅಲ್ಲ. ಹಾಲುರೋಗ, ಸಪ್ಪೆರೋಗ, ಸುಣ್ಣಕಟ್ಟುರೋಗ, ಒಂದೊಂದಕ್ಕೂ ಲಕ್ಷಣ ಬೇರೆ, ಉಪಾಯ ಬೇರೆ ಎಂದು ಅವಳಿಗೆ ಗೊತ್ತು. ಗಂಟುರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ಹೋಗುತ್ತದೆ ಎಂದು 1865ರಿಂದ ಐದು ವರ್ಷ ಒದ್ದಾಡಿ ತೋರಿಸಿಕೊಟ್ಟವನು ಫ್ರಾನ್ಸಿನ ಲೂಯಿ ಪಾಶ್ಚರ್. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸಿಕೊಳ್ಳುವ ಕೆಲಸ ಇವತ್ತಿಗೂ ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ನಡೆಯುತ್ತದೆ. ಅದನ್ನು ನಂಬಿಯೇ ರಾಮನಗರದ ಗೂಡಿನ ಮಾರುಕಟ್ಟೆ ನಿಂತಿದೆ. ಬೂದುಗುಂಬಳ ಕಟ್ಟಿದ ರೈತ ಗೋಣಿಚೀಲ ತೆಗೆಯುವುದಿಲ್ಲ. ಕುಂಬಳಕಾಯಿ ಕೊಳೆತರೆ ಒಂದು ವಾರ ಬಿಟ್ಟು ಕಟ್ಟುತ್ತಾನೆ, ಪೌಡರ್ ಖಾಲಿಯಾದರೆ ಅವತ್ತೇ ಸೈಕಲ್ ಹತ್ತುತ್ತಾನೆ.

ಇಷ್ಟು ತಿಳಿದ ಮನೆಯಲ್ಲೂ ಮುಟ್ಟಾದ ಮಗಳನ್ನು ಹುಳಿನ ಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಸೊಪ್ಪು ಕೊಯ್ದು ಹೊತ್ತು ತಂದವಳು ಅವಳೇ. ಇಲ್ಲಿ ನಾನು ಜಗಳಕ್ಕೆ ನಿಲ್ಲುತ್ತೇನೆ, ಎಷ್ಟು ಸಲವಾದರೂ ನಿಲ್ಲುತ್ತೇನೆ. ಅವಳ ಮೈಯಿಂದ ಹುಳಕ್ಕೆ ಯಾವ ರೋಗ ಬಂತು, ಯಾವ ಚಿಟ್ಟೆಯಲ್ಲಿ ಕಂಡಿತು, ತೋರಿಸಿ.

ನನ್ನ ಸಿಟ್ಟು ನಮ್ಮ ಕಡೆಯವರ ಮೇಲೂ ಇದೆ. ನಾಲ್ಕು ಪುಸ್ತಕ ಓದಿ, ಬೆಂಗಳೂರಿನಿಂದ ಕಾರಿನಲ್ಲಿ ಬಂದು, ಮೈಮೇಲೆ ದೇವರು ಬಂದ ಹೆಂಗಸಿನ ವೀಡಿಯೊ ತೆಗೆದು ನಗುವವರಿದ್ದಾರೆ. ಅವರನ್ನು ವಿಚಾರವಾದಿಗಳೆಂದು ನಾನು ಕರೆಯುವುದಿಲ್ಲ. ಆ ಹೆಂಗಸನ್ನು ಗಂಡ ದಿನಾ ಕುಡಿದು ಹೊಡೆಯುತ್ತಾನೆ. ಊರಲ್ಲಿ ಯಾರೂ ಅವಳ ಮಾತು ಕೇಳುವುದಿಲ್ಲ. ಮಾರಮ್ಮ ಮೈಮೇಲೆ ಬಂದ ದಿನ ಅದೇ ಗಂಡ ಬಂದು ಕಾಲಿಗೆ ಬೀಳುತ್ತಾನೆ, ಇನ್ನು ಕುಡಿಯಲ್ಲ ಕಣವ್ವ ಅನ್ನುತ್ತಾನೆ. ಅವಳಿಗೆ ಸಿಕ್ಕಿರುವ ನ್ಯಾಯಾಲಯ ಅದೊಂದೇ. ಅದನ್ನು ಕಿತ್ತುಕೊಳ್ಳುವ ಮುಂಚೆ ಬೇರೆ ನ್ಯಾಯಾಲಯ ಕಟ್ಟಿಕೊಡಬೇಕಾದವರು ನಾವು. ರಾತ್ರಿ ಮಗುವಿಗೆ ಜ್ವರ ಬಂದಾಗ ಆರೋಗ್ಯ ಕೇಂದ್ರದ ಬಾಗಿಲು ಹಾಕಿದ್ದರೆ ತಾಯಿ ಮಂತ್ರ ಹಾಕುವ ಗುಡ್ಡಪ್ಪನ ಹತ್ತಿರ ಓಡುತ್ತಾಳೆ. ಬೈಯಬೇಕಾದ್ದು ಬೀಗ ಹಾಕಿದವರನ್ನು.

ಇದನ್ನು ನಮಗೆ ಕಲಿಸಿದವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ. ಬಂಡಾಯದ, ದಲಿತ ಚಳವಳಿಯ ಮುಂಚೂಣಿಯ ಕವಿ ಡಾಕ್ಟರೇಟಿಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಕೇರಿಯವರ ದೇವರುಗಳು ಹೆಂಡ ಕುಡಿಯುತ್ತವೆ, ಬೈಯುತ್ತವೆ, ಬೈಸಿಕೊಳ್ಳುತ್ತವೆ, ಮನುಷ್ಯರ ಜೊತೆ ಜಗಳವಾಡಿ ರಾಜಿಯಾಗುತ್ತವೆ ಎಂಬುದನ್ನು ಕಂಡು ಅದನ್ನು ‘ಅವತಾರಗಳು’ ಪುಸ್ತಕದಲ್ಲಿ ಬರೆದರು. ಹಟ್ಟಿಯವನ ಜೊತೆ ಕೂತು ಉಣ್ಣುವ ದೇವರನ್ನೂ, ಹಟ್ಟಿಯವನನ್ನು ಬಾಗಿಲ ಆಚೆ ನಿಲ್ಲಿಸುವ ಗುಡಿಯನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ನಮ್ಮ ಕಡೆ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕತೆಯಲ್ಲೂ ಅವನು ಕಲ್ಯಾಣದ ಬಾಗಿಲಿಗೆ ಬರುವುದು ನಾರುವ ತಿಪ್ಪೆಯ ವೇಷದಲ್ಲಿ, ಹೆಂಡ ಹೊತ್ತುಕೊಂಡು. ಶರಣರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ, ಪರೀಕ್ಷೆಯಲ್ಲಿ ಸೋಲುತ್ತಾರೆ. ಇಂಥ ಕತೆ ಕೇಳಿ ಬೆಳೆದ ಜನಕ್ಕೆ ಪ್ರಶ್ನೆ ಪರಕೀಯ ಎಂದು ಹೇಳಲು ನಾಲಿಗೆ ಹೇಗೆ ಬರುತ್ತದೆ?

2019ರ ಕ್ರಿಸ್‌ಮಸ್ಸಿಗೆ ಕನಕಪುರದ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆಂದು ಡಿ.ಕೆ. ಶಿವಕುಮಾರ್ ಹತ್ತು ಎಕರೆಯ ಹಕ್ಕುಪತ್ರ ಕೊಟ್ಟರು. 2020ರ ಜನವರಿ 13ಕ್ಕೆ ಆರೆಸ್ಸೆಸ್ಸಿನ ಕಲ್ಲಡ್ಕ ಪ್ರಭಾಕರ ಭಟ್ ಮತ್ತಿತರರು ಅದರ ವಿರುದ್ಧ ಕನಕಪುರ ಚಲೋ ಮಾಡಿದರು. ಎರಡೂ ಕಡೆ ಮೈಕು. ನಡುವೆ ಸಿಕ್ಕಿಬಿದ್ದವರು ಅಲ್ಲೇ ಹುಟ್ಟಿ, ಅಲ್ಲೇ ಉತ್ತು, ತಲೆತಲಾಂತರದಿಂದ ಮೇರಿ ಹಬ್ಬ ಮಾಡಿಕೊಂಡು ಬಂದ ಹಳ್ಳಿಯವರು. ದೇವರಿಲ್ಲ ಎನ್ನುವ ನಾನು ಅವರ ಪ್ರಾರ್ಥನೆಯ ಹಕ್ಕಿಗೆ ಬೀದಿಗಿಳಿಯುತ್ತೇನೆ. ಸರ್ಕಾರಿ ನೆಲವನ್ನು ಯಾವ ದೇವರ ಹೆಸರಲ್ಲಿ ಹಂಚಿ ಓಟಿನ ಲೆಕ್ಕ ಬರೆದರೂ ಅದರ ವಿರುದ್ಧವೂ ಇಳಿಯುತ್ತೇನೆ. 25ನೇ ವಿಧಿಯ ಅಂತಃಸಾಕ್ಷಿಯ ಸ್ವಾತಂತ್ರ್ಯದಲ್ಲಿ ಹಾರೋಬೆಲೆಯ ಭಕ್ತನಿಗೂ ಪಾಲಿದೆ, ತಿಥಿ ಮಾಡದ ನನ್ನ ಮೇಷ್ಟರಿಗೂ ಇದೆ.

ಹಾಗಾಗಿ ಈ ನಾಲ್ಕು ತಾಲ್ಲೂಕಿನ ಪೊಲೀಸರಿಗೆ, ತಹಶೀಲ್ದಾರರಿಗೆ, ಶಾಸಕರಿಗೆ ನನ್ನ ಕೇಳಿಕೆ ಇದು. 2020ರಿಂದ ಇಲ್ಲಿಯವರೆಗೆ ಮೌಢ್ಯ ನಿಷೇಧ ಕಾಯ್ದೆಯಡಿ ನಿಮ್ಮ ಠಾಣೆಗಳಲ್ಲಿ ಎಷ್ಟು ಮೊಕದ್ದಮೆ ದಾಖಲಾಗಿವೆ? ಭಾವನೆಗೆ ಧಕ್ಕೆ ಎಂದು ಎಷ್ಟು ದಾಖಲಾಗಿವೆ? ಎರಡೂ ಸಂಖ್ಯೆಯನ್ನು ಅಕ್ಕಪಕ್ಕ ಬರೆದು ಠಾಣೆಯ ಗೋಡೆಗೆ ಹಚ್ಚಿ. ಕಾಯ್ದೆಯ ಪಟ್ಟಿಯಲ್ಲಿ ಏನೇನು ಅಪರಾಧ ಎಂಬುದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಪ್ರತಿ ಪಂಚಾಯಿತಿ ಕಚೇರಿಯ ಮುಂದೆ, ಪ್ರತಿ ಜಾತ್ರೆಯ ಮೈದಾನದಲ್ಲಿ ಬರೆಸಿ. ಮಾಗಡಿಯಿಂದ ಶುರು ಮಾಡಿ.