ಪಂಚಾಂಗ ಹೋಗಿದೆ ಎಂದು ತೀರ್ಪು ಕೊಡುವವರಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಳೆಯ ಹಂಚಿನ ಮನೆಗಳಿಗೆ ಈಗ ಮರಣದಂಡನೆಯ ಮಾತೊಂದು ಸಿದ್ಧವಾಗಿದೆ: "ಪಂಚಾಂಗ ಹೋಗಿದೆ, ಕೆಡವುವುದೇ ವಾಸಿ." ಗುತ್ತಿಗೆದಾರರು ಅಂಗಳದಲ್ಲಿ ನಿಂತು, ಕಬ್ಬಿಣದ ಸಲಾಕೆಯಿಂದ ಎರಡು ಕಲ್ಲು ಕೆದಕಿ, ಉದುರಿದ ಕೆಂಪು ಹುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತಾರೆ. ಮನೆಯವರು ತಲೆದೂಗುತ್ತಾರೆ. ಅಜ್ಜನ ಕಾಲದಿಂದ ಮಳೆಗಾಲಗಳನ್ನು ಕಂಡ ಕಲ್ಲು ಈಗೇಕೆ ಹುಡಿಯಾಯಿತೆಂದು ಯಾರೂ ಕೇಳುವುದಿಲ್ಲ.

ಕೇಳಿದರೆ ಉತ್ತರ ನಮ್ಮ ಬುಡಕ್ಕೇ ಬರುತ್ತದೆ. ಬಹುಪಾಲು ಕಡೆ ಕಲ್ಲನ್ನು ಕೊಂದದ್ದು ವಯಸ್ಸಲ್ಲ, ನಾವು ತುಂಬಿಸಿದ ಸಿಮೆಂಟು.

ನಮ್ಮ ಮುರಕಲ್ಲು ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯನ್ನು ಹೇಳುವ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂಬ ಹೆಸರು ಕಟ್ಟಿ 1807ರಲ್ಲಿ ಪ್ರಕಟಿಸಿದ. ಮೈತುಂಬ ರಂಧ್ರಗಳಿರುವ ಈ ಕಲ್ಲು ನೀರು ಕುಡಿಯುತ್ತದೆ, ಬಿಡುತ್ತದೆ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಉಳ್ಳವರು ಚಿಪ್ಪಿಸುಣ್ಣದ ಗಾರೆಯಲ್ಲಿ ಕಲ್ಲು ಕೂರಿಸಿದರು. ಬಡವರು ಒಳಗೆ ಕೆಸರುಮಣ್ಣಿಟ್ಟು ಸಂದಿನ ಬಾಯಿಗಷ್ಟೇ ಸುಣ್ಣ ಮೆತ್ತಿದರು. ನೆಲದಿಂದ ಏರುವ ತೇವ ಆ ಮೆದು ಸಂದಿನ ಮೂಲಕ ಆರಿಹೋಗುತ್ತಿತ್ತು. ಸವೆದರೆ ಸವೆಯುತ್ತಿದ್ದುದು ಗಾರೆ, ಉಳಿಯುತ್ತಿದ್ದುದು ಕಲ್ಲು. ಗಾರೆಯನ್ನು ಮತ್ತೆ ತುಂಬಬಹುದಿತ್ತು.

ಸಿಮೆಂಟು ಈ ವ್ಯವಸ್ಥೆಯನ್ನು ತಲೆಕೆಳಗು ಮಾಡುತ್ತದೆ. ಅದು ಮುರಕಲ್ಲಿಗಿಂತ ಗಟ್ಟಿ, ಸಾಂದ್ರ. ಸಂದಿನ ದಾರಿ ಮುಚ್ಚಿದಾಗ ತೇವವು ಕಲ್ಲಿನ ಮುಖದಿಂದಲೇ ಹೊರಬರಬೇಕು. ಅದರೊಡನೆ ಬಂದ ಉಪ್ಪು ಅಲ್ಲಿಯೇ ಹರಳುಗಟ್ಟಿ ಕಲ್ಲಿನ ಮೈಯನ್ನು ಸಿಡಿಸುತ್ತದೆ. ಕೆಲವು ವರ್ಷಗಳಲ್ಲಿ ಕಲ್ಲು ಒಳಸರಿದು ಸಿಮೆಂಟಿನ ಗೆರೆಗಳು ಮಾತ್ರ ಬಡಕಲು ಎತ್ತಿನ ಪಕ್ಕೆಲುಬಿನಂತೆ ಹೊರಚಾಚುತ್ತವೆ. ನಿಮ್ಮ ಊರಿನಲ್ಲಿಯೇ ನೋಡಿ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಮ್ಮ ಮನೆಯಲ್ಲಿಯೂ ಈ ತಪ್ಪು ನಡೆದಿದೆ. ಸಂದುಗಳಿಗೆ ಸಿಮೆಂಟು ತುಂಬಿಸಿ, ಅಂಗಳಕ್ಕೂ ಕಾಂಕ್ರೀಟು ಹಾಕಿಸಿದೆವು. ಸಗಣಿ ಸಾರಿಸುವ ದುಡಿಮೆ ತಪ್ಪಿತೆಂದು ಮನೆಯ ಹೆಂಗಸರು ನೆಮ್ಮದಿಪಟ್ಟದ್ದು ಸುಳ್ಳಲ್ಲ. ಆ ನೆಮ್ಮದಿಯನ್ನು ಹಗುರವಾಗಿ ಕಾಣಲು ಗಂಡಸಾದ ನನಗೆ ಹಕ್ಕಿಲ್ಲ. ಆದರೆ ಸೂರಿನ ನೀರು ಮಣ್ಣಿನಲ್ಲಿ ಇಂಗುವ ಬದಲು ಕಾಂಕ್ರೀಟಿಗೆ ಬಡಿದು ಪಂಚಾಂಗಕ್ಕೆ ಸಿಡಿಯತೊಡಗಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕೆ? ಐದನೆಯ ಮಳೆಗಾಲಕ್ಕೆ ಮೂಲೆಯ ಕಲ್ಲು ಬೆರಳಿಗೆ ಉದುರಿತು.

ಹಾಗಾದರೆ ಮಾಡಬೇಕಾದುದೇನು? ಮೊದಲು ನೀರಿನ ದಾರಿ: ಸೂರಿಗೆ ದೋಣಿ, ಅಂಗಳಕ್ಕೆ ಮನೆಯಿಂದ ಹೊರಗೆ ಇಳಿಜಾರು, ಗೋಡೆಯ ಬುಡದಲ್ಲಿ ಒಂದೆರಡು ಅಡಿ ಅಗಲ ಬರಿಯ ಮಣ್ಣು. ಅನಂತರವೇ ಸಂದಿನ ಕೆಲಸ. ಸಡಿಲಾದುದನ್ನು ಯಂತ್ರದಿಂದಲ್ಲ, ಉಳಿ ಸುತ್ತಿಗೆಯಿಂದ, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆತ್ತಿ ತೆಗೆಯಬೇಕು. ಸಂದನ್ನು ನೀರಿನಿಂದ ನೆನೆಸಿ, ಗಾರೆಯನ್ನು ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಲು ಬಿಡಬೇಕು. ಬರಿಯ ಸುಣ್ಣ ಒದ್ದೆ ಜಾಗದಲ್ಲಿ ಗಟ್ಟಿಯಾಗುವುದಿಲ್ಲ. ಆದುದರಿಂದ ನಮ್ಮ ನೆಲಕ್ಕೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ, ಅಂದರೆ ಸುರ್ಕಿ, ಬೆರೆಸಲೇಬೇಕು. ತೀರಾ ಸತ್ತ ಕಲ್ಲನ್ನು ಮೇಲಿನ ಭಾರಕ್ಕೆ ಆನಿಕೆ ಕೊಟ್ಟು, ಒಂದೊಂದಾಗಿ, ಪಕ್ಕಪಕ್ಕದ ಎರಡನ್ನು ಎಂದೂ ಒಟ್ಟಿಗೆ ತೆಗೆಯದೆ ಬದಲಿಸಬೇಕು. ಮಳೆ ನಿಂತ ಮೇಲೆ ಹಿಡಿದು ಬೇಸಿಗೆಯೊಳಗೆ ಮುಗಿಯುವ ಕೆಲಸವಿದು.

"ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಎಲ್ಲಿದ್ದಾರೆ?" ಎಂಬ ಆಕ್ಷೇಪ ನ್ಯಾಯವಾದುದೇ. ಕಡಿಮೆಯಾಗಿದ್ದಾರೆ, ಏಕೆಂದರೆ ನಾವು ಕೆಲಸ ಕೊಡುವುದನ್ನು ಬಿಟ್ಟೆವು. ಆದರೆ "ಇದು ಹಳೆಯ ಕಾಲದ ಗೀಳು" ಎಂಬ ಮಾತನ್ನು ಒಪ್ಪಲಾಗದು. ಕಟ್ಟಡದ ಸುಣ್ಣಕ್ಕೆ ಐ.ಎಸ್. 712, ಮುರಕಲ್ಲಿಗೆ ಐ.ಎಸ್. 3620 ಎಂದು ಭಾರತೀಯ ಮಾನಕಗಳೇ ಇವೆ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಹಳೆಯ ಗೋಡೆಗೆ ಸುಣ್ಣವನ್ನೇ ಹೇಳುತ್ತದೆ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತರುಣರು ತಮ್ಮ ಅಧ್ಯಾಪಕರನ್ನು ಕೇಳಲಿ: ಸುಣ್ಣದ ಗಾರೆ ಕಲಸುವುದನ್ನು ಯಾವ ದಿನ ಕಲಿಸುತ್ತೀರಿ?

ಕೆಡವಿದ ಮನೆಯ ಲೆಕ್ಕ ಅಂಗಳದಲ್ಲಿ ಮುಗಿಯುವುದಿಲ್ಲ. ಹೊಸ ಮನೆಗೆ ಕಲ್ಲು ಬೇಕು. ಹಕ್ಕಲಿನ ಮೇಲೆ ಯಂತ್ರ ಇಳಿಯುತ್ತದೆ. ಮಳೆನೀರು ಹಿಡಿದು ಕೆಳಗಿನ ಬಾವಿಗಳಿಗೆ ಕೊಡುತ್ತಿದ್ದ ಪಾದೆ ಚೌಕ ಹೊಂಡವಾಗುತ್ತದೆ. ಜೂನ್ ಬಂದರೆ ಆ ಹೊಂಡದ ದಂಡೆಯಲ್ಲಿ ಮಕ್ಕಳನ್ನು ಕಾಯಬೇಕು. ಮರಳಿಗೆ ಹೊಳೆ ಬೇಕು. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬೆಂಕಿ ಬೇಕು. ಸುಣ್ಣ ಸುಡುವಾಗಲೂ ಹೊಗೆಯುಂಟು, ನಿಜ. ಆದರೆ ಸಾಕಾಗುವುದು ಸುಮಾರು 900 ಡಿಗ್ರಿ, ಮತ್ತು ಗಾರೆ ಗಟ್ಟಿಯಾಗುತ್ತ ಗಾಳಿಯಿಂದ ಇಂಗಾಲಾಮ್ಲದ ಒಂದು ಪಾಲನ್ನು ಮರಳಿ ಹೀರುತ್ತದೆ.

ವಿಜಯನಾಥ ಶೆಣೈಯವರು ಅಳಿಯಲಿದ್ದ ಮನೆಗಳನ್ನು ಕಳಚಿ ಮಣಿಪಾಲದ ಹಸ್ತಶಿಲ್ಪದಲ್ಲಿ ಮರಳಿ ನಿಲ್ಲಿಸಿದರು. ಅವರಿಗೆ ನಾಡು ಋಣಿ. ಆದರೆ ಟಿಕೆಟು ಕೊಂಡು ನೋಡುವ ಮನೆಯಲ್ಲಿ ಯಾರೂ ಭತ್ತ ಒಣಗಿಸುವುದಿಲ್ಲ. ನಾವು ಕೇಳುತ್ತಿರುವುದು ವಾಸದ ಮನೆಗಳು ಇದ್ದಲ್ಲಿಯೇ ನಿಲ್ಲಲಿ ಎಂಬುದನ್ನು.

ದೀಪಾವಳಿ ಕಳೆದ ಮೇಲೆ ನಮ್ಮ ಮನೆಯ ಬಡಗು ಬದಿಯ ಸಿಮೆಂಟನ್ನು ಉಳಿಯಿಂದ ತೆಗೆಯಲಿದ್ದೇವೆ. ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರು ಗಾರೆ ಕಲಸಿ ತೋರಿಸಲು ಒಪ್ಪಿದ್ದಾರೆ. ಕಲಿಯಬೇಕೆನ್ನುವವರು ಬರಬಹುದು, ಉಳಿ ಸುತ್ತಿಗೆ ತಂದರೆ ಇನ್ನೂ ಒಳ್ಳೆಯದು.