ರಂಗಮಂದಿರವೂ ಅದರ ನಿರ್ಮಾತೃವೂ

ಮದರಾಸಿನ ಬೆಸೆಂಟ್ ನಗರದ ನೆರೆಯಲ್ಲಿರುವ ಕಲಾಕ್ಷೇತ್ರವನ್ನು ನೆನೆಯುವ ಕನ್ನಡಿಗರು, 1936ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದ ರುಕ್ಮಿಣೀದೇವಿ ಅರುಂಡೇಲರನ್ನೂ, ಅಲ್ಲಿಯ ರಾಮಾಯಣ ನೃತ್ಯನಾಟಕಗಳಿಗೆ ರಾಗಸಂಯೋಜನೆ ಮಾಡಿದ ನಮ್ಮ ಮೈಸೂರು ವಾಸುದೇವಾಚಾರ್ಯರನ್ನೂ ಗೌರವದಿಂದ ಸ್ಮರಿಸುವರು. ಆದರೆ ಅಲ್ಲಿಯ ಕೂತ್ತಂಬಲದ, ಎಂದರೆ ಕೇರಳದ ದೇವಾಲಯಗಳ ನಾಟ್ಯಗೃಹದ ಮಾದರಿಯ ರಂಗಮಂದಿರದ, ವಿನ್ಯಾಸಕಾರರಾದ ಡಿ. ಅಪ್ಪುಕುಟ್ಟನ್ ನಾಯರರ ಹೆಸರು ಕಿವಿಗೆ ಬೀಳುವುದೇ ವಿರಳವಾಗಿರುವುದು ಖೇದಕರ.

ವೃತ್ತಿಯಿಂದ ಇಂಜಿನಿಯರರೂ ಅಭಿರುಚಿಯಿಂದ ಕೇರಳದ ರಂಗಕಲೆಗಳಾದ ಕೂಡಿಯಾಟ್ಟ, ಕಥಕಳಿಗಳ ಮರ್ಮಜ್ಞರೂ ಆಗಿದ್ದ ಈ ಮಹನೀಯರು, ತಿರುವನಂತಪುರದಲ್ಲಿ ‘ಮಾರ್ಗಿ’ ಸಂಸ್ಥೆಯನ್ನು ಕಟ್ಟಿ ಬೆಳೆಸಿದುದಲ್ಲದೆ, ಕೇರಳ ಕಲಾಮಂಡಲಕ್ಕೂ ಕೂತ್ತಂಬಲವೊಂದನ್ನು ರೂಪಿಸಿಕೊಟ್ಟರು. ತ್ರಿಶೂರಿನ ವಡಕ್ಕುನ್ನಾಥ ದೇವಾಲಯದಲ್ಲಿರುವಂತಹ ಪ್ರಾಚೀನ ಕೂತ್ತಂಬಲಗಳಲ್ಲಿ ಕಡಿದಾದ ಮಾಡು, ಚತುರಸ್ರ ರಂಗ, ಗಾಳಿಯಾಡುವ ಜಾಲಂಧ್ರ ಇವೆಲ್ಲವೂ ಒಂದೇ ಪ್ರಮಾಣಸೂತ್ರಕ್ಕೆ ಬದ್ಧವಾಗಿದ್ದು, ದೀಪದ ಬೆಳಕಿನಲ್ಲಿ ನಟನ ಕಣ್ಣಿನ ಚಲನೆಯೂ ಪ್ರೇಕ್ಷಕನಿಗೆ ಗೋಚರಿಸುವ ಸಾಮೀಪ್ಯವನ್ನು ಸಾಧಿಸುತ್ತವೆ. ಆ ಪ್ರಮಾಣಜ್ಞಾನವನ್ನು ದೇವಾಲಯದ ಪ್ರಾಕಾರದಿಂದ ಹೊರತಂದು ಆಧುನಿಕ ಕಲಾಶಾಲೆಗಳಿಗೆ ಒಪ್ಪಿಸಿದುದೇ ನಾಯರರ ಹಿರಿಮೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಯಕ್ಷಗಾನದಂತಹ ಮಹಾಕಲೆಯನ್ನು ಪಡೆದಿರುವ ನಾವಾದರೋ, ಊರೂರಿನಲ್ಲಿಯೂ ಚಿತ್ರಮಂದಿರದ ಅಚ್ಚಿನಲ್ಲಿಯೇ ಕಲಾಭವನಗಳನ್ನು ಎಬ್ಬಿಸುತ್ತಿದ್ದೇವೆ. ಅವುಗಳನ್ನು ಕಟ್ಟಿಸುವ ಅಧಿಕಾರಿಗಳೂ ವಾಸ್ತುಶಿಲ್ಪಿಗಳೂ ನಕ್ಷೆಗೆ ಕೈಹಚ್ಚುವ ಮೊದಲು ಒಂದು ಸಂಜೆ ಕಲಾಕ್ಷೇತ್ರದ ಆ ರಂಗದೆದುರು ಕುಳಿತು ಬರಲೆಂದು ಪ್ರಾರ್ಥಿಸುತ್ತೇನೆ.